ವೈಪರಿನ ಬುಶ್ ಸವೆದರೆ ಸಂಬಳಕ್ಕೇಕೆ ಕತ್ತರಿ?

ಮಳೆ ಹಿಡಿಯಿತು, ವೈಪರ್ ನಿಂತಿತು. ಗ್ಯಾರೇಜಿನವನು ಬಾನೆಟ್ ಎತ್ತಿದವನೇ "ಮೋಟರು ಸುಟ್ಟಿದೆ" ಎಂದ. ಧಣಿಗಳು "ಗಾಡಿ ಓಡಿಸಿದವನು ನೀನು, ಖರ್ಚೂ ನಿನ್ನದೇ" ಎಂದರು. ತಿಂಗಳ ಕೊನೆಗೆ ಸಂಬಳದಲ್ಲಿ ಹಣ ಮುರಿದರು. ಪುಣೆಯ ಚಾಲಕ ಬಾಂಧವರು ಮಳೆಗಾಲ ಬಂತೆಂದರೆ ಹೇಳಿಕೊಳ್ಳುವ ಕಥೆ ಇದು. ಹೋಟೆಲಿನಲ್ಲಿ ಮೇಜು ಒರೆಸುತ್ತಲೇ ಲೈಸೆನ್ಸು ಮಾಡಿಸಿಕೊಂಡವರು, ಮಿಲ್ಲು ಮುಚ್ಚಿದ ಮೇಲೆ ಸ್ಟಿಯರಿಂಗ್ ಹಿಡಿದವರು ನಮ್ಮಲ್ಲಿ ಕಡಿಮೆಯೇನಲ್ಲ. ತಾವು ಹಿಡಿಯದಿದ್ದರೆ ಮಗನೋ ತಮ್ಮನೋ ಹಿಡಿದಿರುತ್ತಾನೆ. ಆದ್ದರಿಂದ ಈ ಮಾತು ಎಲ್ಲರದೂ ಹೌದು.

ನಾವು ಕೇಳುವುದು ಎರಡೇ ಪ್ರಶ್ನೆ. ಮೋಟರು ನಿಜವಾಗಿಯೂ ಸುಟ್ಟಿತ್ತೆ? ಸುಟ್ಟಿತ್ತೆಂದೇ ಇಟ್ಟುಕೊಂಡರೂ ಅದು ಚಾಲಕನ ತಪ್ಪು ಹೇಗಾಯಿತು?

ಮಗ್ಗ ನಡೆಸಿದವರಿಗೆ ವೈಪರಿನ ಗುಟ್ಟು ಬೇರೆ ಹೇಳಬೇಕಾಗಿಲ್ಲ. ಮಗ್ಗದ ಕ್ರ್ಯಾಂಕು ಒಂದೇ ಸಮನೆ ಸುತ್ತುತ್ತದೆ. ಹಣಿಗೆ ಹೊತ್ತ ಸ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಇಲ್ಲಿಯೂ ಅಷ್ಟೆ. ಮೋಟರಿನ ತುದಿಗೆ ಒಂದು ಚಿಕ್ಕ ಕ್ರ್ಯಾಂಕು, ಅದರಿಂದ ಹೊರಟ ಕಬ್ಬಿಣದ ಕಡ್ಡಿಗಳು, ಕಡ್ಡಿಯ ತುದಿಯಲ್ಲಿ ಗುಂಡು, ಗುಂಡನ್ನು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಬುಶ್. ಇದಕ್ಕೆಲ್ಲ ಸೇರಿ ಲಿಂಕೇಜ್ ಎನ್ನುತ್ತಾರೆ. ಗಾಜಿನ ಬುಡದ ಮುಚ್ಚಳದ ಕೆಳಗೆ, ನೀರು, ಧೂಳು, ಎಲೆಯ ಕಸದ ನಡುವೆ ಅದರ ವಾಸ. ಗ್ರೀಸು ತೊಳೆದುಹೋಗುತ್ತದೆ, ಧೂಳು ಅರದಂತೆ ಉಜ್ಜುತ್ತದೆ, ಬುಶ್ ಸವೆಯುತ್ತದೆ. ಒಂದು ದಿನ ಗುಂಡು ಬುಶ್ಶಿನಿಂದ ಕಳಚಿಕೊಂಡು ವೈಪರ್ ನಿಲ್ಲುತ್ತದೆ. ಮೋಟರು ಮಾತ್ರ ಒಳಗೆ ಸುತ್ತುತ್ತಲೇ ಇರುತ್ತದೆ!

ಹಾಗಾದರೆ ಪರೀಕ್ಷೆ ಏನು? ಮಿಲ್ಲಿನ ಹಳೆಯ ಜಾಬರ್ ಏನು ಮಾಡುತ್ತಿದ್ದನೋ ಅದೇ: ಮೊದಲು ಕಿವಿ, ಆಮೇಲೆ ಕೈ. ಎಂಜಿನ್ ನಿಲ್ಲಿಸಿ, ಕೀಲಿ ತಿರುಗಿಸಿ, ವೈಪರಿನ ಸ್ವಿಚ್ಚು ಹಾಕಿ ಕೇಳಿರಿ. ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಿದ್ದು ಕೈಗಳು ಅಲ್ಲಾಡದಿದ್ದರೆ ಬುಶ್ ಕಳಚಿರಬೇಕು, ಇಲ್ಲವೆ ಕೈಯನ್ನು ಹಿಡಿದಿರುವ ನಟ್ಟು ಸಡಿಲಾಗಿರಬೇಕು. ಮೊದಲು ನಟ್ಟು ನೋಡಿರಿ, ಅದನ್ನು ಬಿಗಿಯಲು ಕಾಸಿನ ಖರ್ಚಿಲ್ಲ. ಒಂದು ಕೈ ಓಡುತ್ತ ಇನ್ನೊಂದು ಮಲಗಿದ್ದರೂ ಇದೇ ಮಾತು. ಎರಡನ್ನೂ ಒಂದೇ ಮೋಟರು ಎಳೆಯುವ ಗಾಡಿಯಲ್ಲಿ ಅರ್ಧ ಮೋಟರು ಸುಡುವುದು ಸಾಧ್ಯವೆ? ಎರಡೂ ಓಡುತ್ತ, ಟಕ್ ಟಕ್ ಎಂದು ಬಡಿಯುತ್ತ, ಗಾಜಿನ ಅಂಚು ಮೀರುತ್ತಿದ್ದರೆ ಬುಶ್ ಸವೆಯುತ್ತಿದೆ ಎಂದು ತಿಳಿಯಿರಿ. ಸ್ವಿಚ್ಚು ಆರಿಸಿ ಕೈಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಅದರ ಸಡಿಲು ಬೆರಳಿಗೇ ತಿಳಿಯುತ್ತದೆ. ತೆವಳಿದಂತೆ ಓಡಿದರೆ ಕೈ ಕೂತಿರುವ ಸ್ಪಿಂಡಲ್ ತುಕ್ಕು ಹಿಡಿದಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ತಂತಿ ನೋಡಬೇಕು. ಮೋಟರಿನ ಸರದಿ ಆಮೇಲೆ. ಇಷ್ಟನ್ನೂ ಬಿಟ್ಟು ನೇರ ಮೋಟರಿಗೇ ಕೈಹಾಕುವವನನ್ನು ಮೆಕ್ಯಾನಿಕ್ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಬದಲಿಸುವ ಕೆಲಸವೂ ಬ್ರಹ್ಮವಿದ್ಯೆಯಲ್ಲ. ಕೈಗಳು ಗಾಜಿನ ಮೇಲೆ ಎಲ್ಲಿ ಮಲಗುತ್ತವೆಯೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಿ. ಇದನ್ನು ಮರೆಯಬೇಡಿರಿ, ಓಡುವ ಲಿಂಕೇಜಿಗೆ ಬೆರಳು ಯಾವುದು, ಕಡ್ಡಿ ಯಾವುದು ಎಂಬ ಭೇದವಿಲ್ಲ. ಕೈಗಳನ್ನು, ಮುಚ್ಚಳವನ್ನು ತೆಗೆದು ಹಳೆಯ ಬುಶ್ಶನ್ನು ಸ್ಕ್ರೂಡ್ರೈವರಿನಿಂದ ಮೀಟಿ, ಹೊಸದಕ್ಕೆ ಗ್ರೀಸು ತುಂಬಿ ಗುಂಡಿನ ಮೇಲೆ ಒತ್ತಿರಿ. ಕೈಗಳನ್ನು ಕೂರಿಸುವ ಮೊದಲು ಬ್ಯಾಟರಿ ಜೋಡಿಸಿ ಮೋಟರನ್ನು ಒಮ್ಮೆ ಓಡಿಸಿ, ಅದು ತನ್ನ ಜಾಗದಲ್ಲಿ ತಾನೇ ನಿಂತ ಮೇಲೆ ಗುರುತಿಗೆ ಸರಿಯಾಗಿ ಕೈ ಕೂರಿಸಿರಿ. ಪರೀಕ್ಷೆ ಮಾಡುವಾಗ ಗಾಜು ಒದ್ದೆಯಾಗಿರಲಿ. ಕೆಲವು ಗಾಡಿಗಳಿಗೆ ಬುಶ್ ಬಿಡಿಯಾಗಿ ದೊರೆಯುವುದಿಲ್ಲ, ಇಡೀ ಲಿಂಕೇಜನ್ನೇ ಕೊಳ್ಳಬೇಕು. ಉಗುರಿನಷ್ಟು ಪ್ಲಾಸ್ಟಿಕಿಗಾಗಿ ಮೊಳದುದ್ದದ ಕಬ್ಬಿಣ ಮಾರುವ ಈ ವ್ಯಾಪಾರ ಕಂಪೆನಿಗಳದ್ದು, ಚಾಲಕನದಲ್ಲ. ಆದರೂ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸದೆ ಹಣ ಬಿಚ್ಚಬೇಡಿರಿ.

"ನಿಧಾನವಾಗಿ ಹೋದರಾಯಿತು, ವೈಪರಿಗೇನು ಅವಸರ" ಎನ್ನುವ ಧಣಿಗಳೂ ಇದ್ದಾರೆ. ನಮ್ಮ ಕನ್ನಡದವರೇ ಆದ ಧಣಿಗಳೂ ಅವರಲ್ಲಿದ್ದಾರೆಂದು ಹೇಳಲು ನಮಗೆ ಸಂಕೋಚವಿಲ್ಲ. ಊರಿನ ದಾರಿ ಹಿಡಿದು ಕಾತ್ರಜ್ ದಾಟಿ, ಖಂಬಾಟ್ಕಿ ಘಾಟಿನಲ್ಲಿ ಮುಂದಿನ ಲಾರಿ ಕೆಸರು ಎರಚುವಾಗ, ಅಥವಾ ಖಂಡಾಲೆಯ ಮಂಜಿನಲ್ಲಿ ಇಳಿಯುವಾಗ, ಅವರು ಹಿಂದಿನ ಸೀಟು ಬಿಟ್ಟು ಚಾಲಕನ ಪಕ್ಕ ಕುಳಿತು ನೋಡಲಿ. ಅಮೆರಿಕದ ಮೇರಿ ಆಂಡರ್ಸನ್ ಎಂಬಾಕೆ 1903ರಲ್ಲಿ ವೈಪರಿಗೆ ಪೇಟೆಂಟ್ ಪಡೆದದ್ದು, ನ್ಯೂಯಾರ್ಕಿನ ಟ್ರಾಮ್ ಚಾಲಕನೊಬ್ಬ ಹಿಮ ಸುರಿಯುವಾಗ ಗಾಜು ತೆರೆದುಕೊಂಡು ಓಡಿಸುತ್ತಿದ್ದುದನ್ನು ಕಂಡ ಮೇಲೆ ಎನ್ನುತ್ತಾರೆ. ಕೂಲಿಗೆ ಓಡಿಸುವವನ ಕಣ್ಣಿಗಾಗಿ ಹುಟ್ಟಿದ ಸಾಧನದ ಖರ್ಚನ್ನು ಅವನ ಕೂಲಿಯಿಂದಲೇ ಕೀಳುವುದು ಯಾವ ನ್ಯಾಯ?

ಕಾಯಿದೆಯ ಮಾತೂ ಕೇಳಿರಿ. ಮೂರು ಗಾಲಿಯ ಗಾಡಿಯಂಥವನ್ನು ಬಿಟ್ಟು, ಮುಂಗಾಜು ಇರುವ ಮೋಟರು ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ, ಶಕ್ತಿಯಿಂದ ನಡೆಯುವ ವೈಪರ್ ಇರಲೇಬೇಕೆಂದು 1989ರ ಕೇಂದ್ರ ಮೋಟರು ವಾಹನ ನಿಯಮಗಳ 101ನೆಯ ನಿಯಮ ಹೇಳುತ್ತದೆ. 1988ರ ಮೋಟರು ವಾಹನ ಕಾಯಿದೆಯ 190ನೆಯ ಕಲಮು, ಅಪಾಯಕಾರಿ ದೋಷವಿದೆಯೆಂದು ತಿಳಿದೂ ಗಾಡಿ ಓಡಿಸಿದವನನ್ನು ಹಿಡಿಯುವಂತೆ, ಓಡಿಸಲು ಹಚ್ಚಿದವರನ್ನೂ ಬಿಟ್ಟವರನ್ನೂ ಹಿಡಿಯುತ್ತದೆ. ಆದ್ದರಿಂದ ವೈಪರ್ ಕೆಟ್ಟಿದೆಯೆಂದು ಬಾಯಲ್ಲಿ ಹೇಳಿ ಸುಮ್ಮನಾಗದೆ ಬರೆದು ಕೊಡಿರಿ; ಮೊಬೈಲಿನ ಸಂದೇಶವಾದರೂ ಸಾಕು. ಇನ್ನು ಸಂಬಳದ ಮಾತು. ವಸ್ತು ಹಾಳಾದುದಕ್ಕೆ ಹಣ ಮುರಿಯಬೇಕಾದರೆ ಅದು ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಆದದ್ದಿರಬೇಕು, ಅವನಿಗೆ ಸಮಜಾಯಿಷಿ ಕೊಡಲು ಅವಕಾಶವಿರಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ಮಾತು 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ಬೇಸಗೆಯ ಧೂಳು ಕೂತ ಗಾಜಿನ ಮೇಲೆ ಒಣ ವೈಪರ್ ಎಳೆಯುವ ಚಾಲಕರು ಇಲ್ಲದಿಲ್ಲ, ಅದು ತಪ್ಪೇ. ಆದರೆ ವರುಷಗಟ್ಟಲೆ ನೀರು ಕುಡಿದು ಸವೆದ ಬುಶ್ಶಿಗೆ ಯಾರ ಅಲಕ್ಷ್ಯ ಕಾರಣ? ಗ್ರೀಸು ಹಾಕಿಸದವರದೋ, ಸ್ಟಿಯರಿಂಗ್ ಹಿಡಿದವನದೋ?

ಬದಲಿಸಿದ ಹಳೆಯ ಬುಶ್ಶನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿರಿ. ಕಾಗದದಲ್ಲಿ ಸುತ್ತಿ, ಮೇಲೆ ಗಾಡಿಯ ನಂಬರು, ತಾರೀಖು, ಕೊಟ್ಟ ಬೆಲೆ ಬರೆದು ಇಟ್ಟುಕೊಂಡು, ಸಂಬಳದ ದಿನ ಧಣಿಗಳ ಮೇಜಿನ ಮೇಲೆ ಇಡಿರಿ.