ದಿರ್ಹಮಿನ ಲೆಕ್ಕ ಮನೆಯಲ್ಲೇ ಆಗಲಿ

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣವೂ ಬಸ್ ನಿಲ್ದಾಣವೂ ಎದುರುಬದುರಾಗಿವೆ. ಬಸ್ ನಿಲ್ದಾಣದ ಪಕ್ಕದಲ್ಲೇ ಲಾರಿ ಬೇಕರ್ ವಿನ್ಯಾಸ ಮಾಡಿದ ಇಂಡಿಯನ್ ಕಾಫಿ ಹೌಸ್. ಇಟ್ಟಿಗೆ ಬಣ್ಣದ ದುಂಡು ಗೋಪುರ. ಒಳಗೆ ನೆಲವೇ ಸುತ್ತುತ್ತ ಮೇಲೇರುತ್ತದೆ, ಗೋಡೆಯುದ್ದಕ್ಕೂ ಮೇಜುಗಳು. ಬೆಳಗಿನ ಹೊತ್ತು ಅಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಹುಡುಗ ಹುಡುಗಿಯರು ಕಾಫಿ ಕುಡಿಯುತ್ತ ಕೂತಿರುತ್ತಾರೆ. ಫೈಲಿನಲ್ಲಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಪಾಸ್‌ಪೋರ್ಟಿನ ನಕಲು. ಅವರಲ್ಲಿ ಕೆಲವರು ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲೋ ಮಾವೇಲಿಯಲ್ಲೋ ರಾತ್ರಿಯಿಡೀ ಕೂತು ಬಂದ ನಮ್ಮ ಗಡಿನಾಡಿನ ಮಕ್ಕಳು. ಮಂಜೇಶ್ವರದವರು, ಕುಂಬಳೆಯವರು, ಬದಿಯಡ್ಕದವರು. ಹತ್ತಿರದ ತೈಕಾಡಿನಲ್ಲಿರುವ ನೋರ್ಕಾ ಕೇಂದ್ರದಲ್ಲಿ ಕಾಗದಪತ್ರ ದೃಢೀಕರಿಸಿಕೊಂಡು ಸಂಜೆಯ ರೈಲು ಹತ್ತಬೇಕು. ಮುಂದೆ ದುಬೈ, ಅಬುಧಾಬಿ, ದೋಹಾ, ರಿಯಾದ್.

ಹೊರನಾಡಿಗೆ ಹೋಗುವವರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನೇ ತೆರೆದ ಮೊದಲ ರಾಜ್ಯ ಕೇರಳ. ಅದು 1996ರ ಡಿಸೆಂಬರಿನಲ್ಲಿ. 2002ರಲ್ಲಿ ಅದರ ಅಂಗಸಂಸ್ಥೆಯಾಗಿ ನೋರ್ಕಾ ರೂಟ್ಸ್ ಬಂತು. 2008ರಲ್ಲಿ ‘ಪ್ರವಾಸಿ’ಗಳ, ಅಂದರೆ ಹೊರನಾಡಿನ ಕೇರಳೀಯರ, ಕಲ್ಯಾಣಕ್ಕೆ ಕಾಯಿದೆ ಆಯಿತು. ಕಾಸರಗೋಡಿನ ಕನ್ನಡಿಗರು ಆಸ್ಪತ್ರೆಗೆ, ಕಾಲೇಜಿಗೆ, ವಿಮಾನಕ್ಕೆ ಮಂಗಳೂರಿನ ಕಡೆ ಮುಖ ಮಾಡಿಯೇ ಬದುಕಿದವರು. ಆದರೆ ವಿದೇಶದಲ್ಲಿ ದುಡಿಯುವವರಿಗೆ ಸಲ್ಲಬೇಕಾದ ಸವಲತ್ತುಗಳು ತಿರುವನಂತಪುರದ ಕಡತಗಳಲ್ಲಿವೆ. ಭಾಷೆಯ ಕಾರಣಕ್ಕೋ ದೂರದ ಕಾರಣಕ್ಕೋ ಅವುಗಳ ಸುದ್ದಿ ನಮ್ಮ ಮನೆಗಳಿಗೆ ತಡವಾಗಿ ಮುಟ್ಟುತ್ತದೆ. ಇದನ್ನು ಬರೆಯಲು ಅದೂ ಒಂದು ಕಾರಣ.

ಓದುಗರೇ, ನಿಮ್ಮ ಮನೆಯಿಂದ ಒಬ್ಬರು ಗಲ್ಫಿಗೆ ಹೊರಡುತ್ತಿದ್ದರೆ ನಿಮ್ಮಲ್ಲಿ ಒಂದು ವಿನಂತಿ. ಕರಾರಿಗೆ ಸಹಿ ಬೀಳುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ತಿಂಗಳ ಲೆಕ್ಕ ಬರೆಯಿರಿ. ಆ ಲೆಕ್ಕ ದಿರ್ಹಮಿನಲ್ಲಿರಲಿ, ರಿಯಾಲಿನಲ್ಲಿರಲಿ. ರೂಪಾಯಿಯಲ್ಲಿ ಬೇಡ.

ಹೀಗೆ ಹೇಳಲು ಕಾರಣವಿದೆ. ಸಂಬಳ 2,500 ದಿರ್ಹಮ್ ಎಂದಿಟ್ಟುಕೊಳ್ಳಿ. ಒಂದು ದಿರ್ಹಮಿಗೆ 23 ರೂಪಾಯಿ ಹಿಡಿದರೆ 57,500 ರೂಪಾಯಿ. ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿ ಉಳಿಯುವುದು ಈ ಅಂಕಿ. ತಂಗಿಯ ಮದುವೆ, ಮಾಡಿನ ಹಂಚು ತೆಗೆದು ತಾರಸಿ ಹಾಕುವುದು, ಸೊಸೈಟಿಯ ಸಾಲ, ಎಲ್ಲವೂ ಇದರ ಮೇಲೆಯೇ ನಿಲ್ಲುತ್ತವೆ. ಆದರೆ ಅಲ್ಲಿ ಅವರ ಊಟವೂ ಬಾಡಿಗೆಯೂ ದಿರ್ಹಮಿನಲ್ಲೇ. ಕಂಪನಿ ವಸತಿ ಕೊಡದಿದ್ದರೆ ಒಂದು ಬೆಡ್‌ಸ್ಪೇಸಿಗೆ, ಅಂದರೆ ಹಲವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕೆ, 800 ಎಂದು ಬರೆಯಿರಿ. ಮೆಸ್ಸಿನ ಊಟಕ್ಕೆ 500. ಬಸ್ಸು ಮೆಟ್ರೋಗಳ ತಿಂಗಳ ಪಾಸಿಗೆ 230. ಫೋನಿಗೆ 100. ಸಾಬೂನು, ಕ್ಷೌರ, ಜ್ವರದ ಮಾತ್ರೆ, ಸಂಜೆಯ ಚಹಾಕ್ಕೆ 200. ಊರಿಗೆ ಬರುವ ಟಿಕೆಟಿಗೆಂದು ತಿಂಗಳಿಗೆ 70 ಎತ್ತಿಡಿ. ಉಳಿದದ್ದು 600 ದಿರ್ಹಮ್. ಅಂದರೆ 13,800 ರೂಪಾಯಿ. ನಗರ, ಕೆಲಸ, ವಸತಿಗೆ ತಕ್ಕಂತೆ ನಿಮ್ಮ ಅಂಕಿಗಳು ಬೇರೆಯಾಗಬಹುದು. ಆದರೆ 57,500ಕ್ಕೂ 13,800ಕ್ಕೂ ನಡುವಿನ ಈ ಅಂತರ ಗೊತ್ತಿಲ್ಲದೆ ಹೊರಟ ಮನೆಗಳಲ್ಲಿ ಮನಸ್ತಾಪ ಹುಟ್ಟುತ್ತದೆ. ಹೋದವರು ಕೈಸಾಲ ಮಾಡಿ ಕಳಿಸುತ್ತಾರೆ, ಹೇಳುವುದಿಲ್ಲ. ಇದ್ದವರು ಕಡಿಮೆಯಾಯಿತೆಂದು ನೊಂದುಕೊಳ್ಳುತ್ತಾರೆ, ಅವರೂ ಹೇಳುವುದಿಲ್ಲ. ಇಬ್ಬರದೂ ತಪ್ಪಲ್ಲ. ಆ ಲೆಕ್ಕ ಒಟ್ಟಿಗೆ ಕೂತು ಆಗಿರಲಿಲ್ಲ, ಅಷ್ಟೇ.

ಹೋಗುವುದಕ್ಕೆ ತಗಲುವ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಚಿನ್ನ ಅಡವಿಟ್ಟು ಒಂದೂವರೆ ಲಕ್ಷ ಹೊಂದಿಸಿದರೆ, ತಿಂಗಳಿಗೆ 13,800ರಂತೆ ಅಸಲು ತೀರುವುದಕ್ಕೇ ಹನ್ನೊಂದು ತಿಂಗಳು ಬೇಕು. ಬಡ್ಡಿ ಬೇರೆ. ಇಲ್ಲಿ ಒಂದು ಮಾತು ಗಮನಿಸಿ. ನೋಂದಾಯಿತ ನೇಮಕಾತಿ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ, ರಸೀದಿ ಕೊಡಬೇಕು. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ಎಂದು ನೋಡಬಹುದು. ಸಂಶಯವಿದ್ದರೆ ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿಗಳಿವೆ. ವಿಚಾರಿಸಲು ಸಂಕೋಚ ಬೇಡ. ಆ ಕಚೇರಿಗಳಿರುವುದೇ ಅದಕ್ಕೆ. ಯುಎಇ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಮಾಲೀಕರದು, ಕೆಲಸಗಾರರಿಂದ ಅದನ್ನು ವಸೂಲು ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಮಾಣಪತ್ರಗಳ ವಿಷಯದಲ್ಲಿ ಇನ್ನೊಂದು ಸಣ್ಣ ಉಳಿತಾಯವಿದೆ. ನಮ್ಮ ಮಕ್ಕಳಲ್ಲಿ ಅನೇಕರದು ಮಂಗಳೂರು ವಿಶ್ವವಿದ್ಯಾಲಯದ ಪದವಿ. ಕರ್ನಾಟಕದ ಪದವಿಗೆ ಮೊದಲ ದೃಢೀಕರಣ ಕರ್ನಾಟಕದಲ್ಲೇ ಆಗಬೇಕಾಗುತ್ತದೆ. ಇದು ಗೊತ್ತಿಲ್ಲದೆ ತಂಪಾನೂರಿನ ತನಕ ಬಂದು ಬರಿಗೈಯಲ್ಲಿ ಹಿಂದಿರುಗುವುದೆಂದರೆ ಎರಡು ರಾತ್ರಿಯ ನಿದ್ದೆಯೂ ಹೋಗಿಬರುವ ಖರ್ಚೂ ವ್ಯರ್ಥ. ಕಾಸರಗೋಡಿನ ನೋರ್ಕಾ ಘಟಕದಲ್ಲಿ ಕೇಳಿಕೊಂಡೇ ಹೊರಡಿ.

ಕರಾರು ಕೈಗೆ ಬಂದಾಗ ಒಟ್ಟು ಸಂಬಳದ ಜೊತೆಗೆ ಮೂಲವೇತನ ಎಷ್ಟೆಂದೂ ನೋಡಿ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ, ಕೆಲಸ ಬಿಡುವಾಗ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. ನಂತರದ ವರ್ಷಗಳಿಗೆ 30 ದಿನದ್ದು. ಅದೇ 2,500ರಲ್ಲಿ ಮೂಲವೇತನ 1,000 ಆಗಿದ್ದರೆ ಐದು ವರ್ಷಕ್ಕೆ 3,500 ದಿರ್ಹಮ್. 2,000 ಆಗಿದ್ದರೆ 7,000. ಸಹಿ ಹಾಕುವ ಮೊದಲು ಒಂದು ಸಾಲು ಓದಿದರೆ ಸಿಗುವ ವ್ಯತ್ಯಾಸವಿದು. ಕರಾರು ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಊರಿನ ಮೇಷ್ಟ್ರ ಬಳಿಗೆ ಒಯ್ಯಿರಿ. ಅವರು ಸಂತೋಷದಿಂದ ಓದಿ ಹೇಳುತ್ತಾರೆ.

ಸಂಸಾರವನ್ನೂ ಕರೆದುಕೊಂಡು ಹೋಗುವ ಆಸೆ ಸಹಜ. ಗಂಡ ಹೆಂಡಿರು ವರ್ಷಗಟ್ಟಲೆ ದೂರವಿರುವುದು ದೊಡ್ಡ ನೋವು. ಯಾವ ಲೆಕ್ಕವೂ ಅದನ್ನು ತೂಗಲಾರದು. ಆದರೂ ಆ ಖರ್ಚನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸೌದಿಯಲ್ಲಿ 2017ರ ಜುಲೈಯಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷ ವರ್ಷ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಅದೇ 2020ರಲ್ಲಿ ಅಲ್ಲಿನ ವ್ಯಾಟ್ ಶೇ. 5ರಿಂದ 15ಕ್ಕೆ ಏರಿತು. ಆಗ ಎಷ್ಟೋ ಕುಟುಂಬಗಳು ಮಕ್ಕಳನ್ನು ಊರಿನ ಶಾಲೆಗೆ ಸೇರಿಸಿದವು. ದುಬೈಯಲ್ಲಿ ಮನೆ ಹಿಡಿಯುವವರು ವರ್ಷದ ಬಾಡಿಗೆಯನ್ನು ಮುಂದಿನ ತಾರೀಕಿನ ಕೆಲವೇ ಚೆಕ್ಕುಗಳಲ್ಲಿ ಕೊಡಬೇಕಾಗುವುದು ರೂಢಿ. ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ಕರೆಂಟು ನೀರಿನ ಬಿಲ್ಲಿನ ಜೊತೆಗೆ ಬರುತ್ತದೆ. ಮೊದಲ ವರ್ಷ ಒಬ್ಬರೇ ಇದ್ದು ಒಂದಿಷ್ಟು ಗಂಟು ಕೂಡಿದ ಮೇಲೆ ಸಂಸಾರ ಕರೆಸಿಕೊಂಡರೆ ಈ ಭಾರ ಒಮ್ಮೆಲೇ ಬೀಳುವುದಿಲ್ಲ.

ಮನೆಯಲ್ಲಿ ಉಳಿಯುವವರಿಗೂ ಪಾಲಿದೆ. ಬರುವ ಹಣದಲ್ಲಿ ಒಂದು ಭಾಗ, ಅದು ಸಾವಿರವೇ ಇರಲಿ, ಹೋದವರ ಹೆಸರಿನ ಎನ್‌ಆರ್‌ಇ ಖಾತೆಯಲ್ಲೇ, ಅಂದರೆ ಅನಿವಾಸಿಗಳು ವಿದೇಶದ ಗಳಿಕೆ ಇಡುವ ಖಾತೆಯಲ್ಲೇ, ಉಳಿಯಲಿ. ಆ ಖಾತೆಯ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿನ ಆದಾಯದ ಖಾತೆ, ಎಂದು ಬದಲಿಸಿಕೊಳ್ಳಬೇಕು ಎಂಬುದನ್ನು ಬ್ಯಾಂಕಿಗೆ ಹೋದಾಗ ನೆನಪಿಸಿ. ಹಾಗೆಯೇ ಕೇರಳದ ಪ್ರವಾಸಿ ಕಲ್ಯಾಣ ಮಂಡಳಿಗೆ 18ರಿಂದ 60 ವರ್ಷದೊಳಗಿನವರು ಸೇರಬಹುದು. ತಿಂಗಳಿಗೆ ಕೆಲವು ನೂರು ರೂಪಾಯಿಯಂತೆ ಕನಿಷ್ಠ ಐದು ವರ್ಷ ಕಟ್ಟಿದವರಿಗೆ 60 ದಾಟಿದ ಮೇಲೆ ಪಿಂಚಣಿ ಉಂಟು. ಕಾಸರಗೋಡಿನ ಕನ್ನಡಿಗರೂ ಇದಕ್ಕೆ ಪೂರ್ತಿ ಹಕ್ಕುದಾರರು. ಇಪ್ಪತ್ತು ವರ್ಷ ದುಡಿದು ಬಂದು ಪಿಂಚಣಿಯಿಲ್ಲದೆ ಕೂತ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಆಗ ಹೇಳುವವರಿರಲಿಲ್ಲ. ಈಗ ಹೇಳಲು ನೀವಿದ್ದೀರಿ.

ಕೊನೆಯದಾಗಿ, ಗಲ್ಫಿನಲ್ಲಿ ಈಗಾಗಲೇ ನೆಲೆಸಿರುವ ಕನ್ನಡ ಬಂಧುಗಳಲ್ಲಿ ಒಂದು ಪ್ರಾರ್ಥನೆ. ಶಾರ್ಜಾದಲ್ಲಿ, ಅಬುಧಾಬಿಯಲ್ಲಿ, ದುಬೈಯಲ್ಲಿ ನಿಮ್ಮ ಸಂಘಗಳಿವೆ. ರಾಜ್ಯೋತ್ಸವ ಮಾಡುತ್ತೀರಿ, ಯಕ್ಷಗಾನ ಆಡಿಸುತ್ತೀರಿ, ಕಷ್ಟದಲ್ಲಿದ್ದವರಿಗೆ ಟಿಕೆಟ್ ಕೊಡಿಸಿ ಊರಿಗೆ ಕಳಿಸುತ್ತೀರಿ. ಊರಿನ ಹುಡುಗನೊಬ್ಬ ಫೋನು ಮಾಡಿ ‘ಅಣ್ಣಾ, ಬರಲೇ?’ ಎಂದು ಕೇಳಿದಾಗ ನಿಮ್ಮ ಹೋದ ತಿಂಗಳ ಖರ್ಚಿನ ಚೀಟಿಯ ಒಂದು ಫೋಟೋ ಅವನಿಗೆ ಕಳಿಸಿ. ಬಾಡಿಗೆ ಇಷ್ಟು, ಮೆಸ್ಸಿಗೆ ಇಷ್ಟು, ಮನೆಗೆ ಕಳಿಸಿದ್ದು ಇಷ್ಟು ಎಂದು ಇದ್ದದ್ದು ಇದ್ದ ಹಾಗೆ. ಅವನ ತಾಯಿಗೂ ತೋರಿಸಲು ಹೇಳಿ.