ವಯಸ್ಸು ನೋಡಿ ಚಿಕಿತ್ಸೆ ಕೈಬಿಡಬೇಡಿ



ಮೂಳೆಯ ಕ್ಯಾನ್ಸರ್ ಕುರಿತು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಹದಿಹರೆಯದವರ ಬಗ್ಗೆಯಷ್ಟೇ ಮಾತನಾಡಿದೆ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಆ ವಯಸ್ಸಿನಲ್ಲೇ, ನಿಜ. ಆದರೆ ಅರವತ್ತರ ನಂತರ ಅದರ ಪ್ರಮಾಣ ಮತ್ತೆ ಏರುತ್ತದೆ. ಹಿಂದೆ ಬೇರೆ ಕ್ಯಾನ್ಸರಿಗೆ ರೇಡಿಯೇಶನ್ ಕೊಟ್ಟ ಜಾಗದಲ್ಲೂ ವರ್ಷಗಳ ಬಳಿಕ ಹುಟ್ಟಬಹುದು.

ನಮ್ಮಲ್ಲಿ ಐವತ್ತು ದಾಟಿದವರು ಮಂಡಿನೋವು, ಸೊಂಟನೋವು ಎಂದರೆ ಸವೆತ, ವಾಯು ಎಂಬ ಉತ್ತರ ಸಿದ್ಧವಿರುತ್ತದೆ. ಮುಲಾಮು, ಮಾತ್ರೆ, ನಾಟಿ ಕಟ್ಟು, ಎಣ್ಣೆ ತಿಕ್ಕುವುದು ಎಂದು ತಿಂಗಳುಗಳು ಉರುಳುತ್ತವೆ. ರಾತ್ರಿ ಮಲಗಿದರೂ ಬಿಡದ ನೋವು, ದಿನೇ ದಿನೇ ಬೆಳೆಯುವ ಬಾವು ಇದ್ದರೆ ಮೊದಲು ಎಕ್ಸ್‌ರೇ ಆಗಬೇಕು. ನನ್ನ ತಾಯಿಗೆ ಎಕ್ಸ್‌ರೇ ಆಗಿದ್ದು ತಡವಾಗಿ. ಮೂಳೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ವೈದ್ಯರೊಬ್ಬರು, ‘ಈ ವಯಸ್ಸಿಗೆ ಕಿಮೋ ತಡೆಯಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂದುಬಿಟ್ಟರು. ಹೃದಯ, ಮೂತ್ರಪಿಂಡಗಳ ಪರೀಕ್ಷೆಯೂ ಆಗಿರಲಿಲ್ಲ.

ಯುರೋಪಿನಲ್ಲಿ 41ರಿಂದ 65 ವರ್ಷದ ರೋಗಿಗಳಿಗೆಂದೇ ನಡೆದ ‘ಯುರೋ-ಬಾಸ್’ ಎಂಬ ಕಿಮೋ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆಸ್ಟಿಯೋಸಾರ್ಕೋಮಾ ಬೇರೆಡೆ ಹರಡಿರದವರಲ್ಲಿ ಐದು ವರ್ಷ ಬದುಕುಳಿಯುವ ಸಾಧ್ಯತೆ ಶೇ 66. ಪತ್ತೆಯಾಗುವಾಗಲೇ ಹರಡಿದ್ದವರಲ್ಲಿ ಶೇ 22. ಅಡ್ಡಪರಿಣಾಮಗಳು ಕಡಿಮೆಯೇನಿರಲಿಲ್ಲ. ಅದಕ್ಕೆಂದೇ ಅಲ್ಲಿ ಮೆಥೊಟ್ರೆಕ್ಸೇಟ್ ಎಂಬ ಕಿಮೋ ಔಷಧಿಯನ್ನು ಎಲ್ಲರಿಗೂ ಕೊಡದೆ, ಮೊದಲ ಔಷಧಿಗಳಿಗೆ ಗಡ್ಡೆ ಸರಿಯಾಗಿ ಬಗ್ಗದವರಿಗೆ ಸೇರಿಸುವ ಕ್ರಮವಿತ್ತು. ದೇಹ ನಿಜಕ್ಕೂ ತಾಳದಿದ್ದರೆ ನೋವು ಶಮನದ ಆರೈಕೆಯೇ ಸರಿ. ಆದರೆ ಅದನ್ನು ಪರೀಕ್ಷೆಗಳು ಹೇಳಬೇಕು, ಆಧಾರ್ ಕಾರ್ಡಿನ ಜನ್ಮದಿನಾಂಕವಲ್ಲ.

ಬಯಾಪ್ಸಿಯ ವಿಷಯದಲ್ಲೂ ಎಚ್ಚರ ಬೇಕು. ಸೂಜಿ ಹೋದ ದಾರಿಯನ್ನೂ ಆಮೇಲೆ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗಬಹುದು. ಆದ್ದರಿಂದ ಮೊದಲು ಎಂಆರ್‌ಐ ಆಗಿ, ಬಯಾಪ್ಸಿಯನ್ನು ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡುವುದು ಒಳ್ಳೆಯದು. ಸಿಕ್ಕಲ್ಲಿ ಕೊಯ್ದರೆ ಉಳಿಯಬಹುದಾಗಿದ್ದ ಕಾಲೂ ಹೋಗಬಹುದು.

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕಿಮೋಥೆರಪಿ ಕೇಂದ್ರಗಳನ್ನು ತೆರೆದದ್ದು ಸ್ವಾಗತಾರ್ಹ. ಇನ್ನು ಎರಡು ಕೆಲಸ ಆಗಲಿ. ಮೂಳೆಗಡ್ಡೆಯ ಅನುಮಾನ ಬಂದ ಕೂಡಲೇ ರೋಗಿಯನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಕ್ಕೆ ನೇರವಾಗಿ ಕಳಿಸುವ ಸ್ಪಷ್ಟ ಆದೇಶ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಲಿ. ವಯಸ್ಸಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವ ಮುನ್ನ ಮೂಳೆ ಶಸ್ತ್ರಚಿಕಿತ್ಸಕರು, ಕ್ಯಾನ್ಸರ್ ತಜ್ಞರು ಒಟ್ಟಿಗೆ ಕೂತು ಚರ್ಚಿಸಿ, ಕಾರಣವನ್ನು ರೋಗಿಗೆ ಬರವಣಿಗೆಯಲ್ಲಿ ಕೊಡುವುದು ಕಡ್ಡಾಯವಾಗಲಿ. ಆರೋಗ್ಯ ಸಚಿವರು ಇತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

– ರೋಗಿಯೊಬ್ಬರ ಮಗಳು, ದಾವಣಗೆರೆ