ಕೆರೆತವು ಅಪರಾಧವಲ್ಲ
ಕಳೆದ ಮಳೆಗಾಲದಲ್ಲಿ ನಮ್ಮ ನಾಯಿ ಹಗಲಿರುಳೂ ಪಾದ ನೆಕ್ಕುತ್ತ, ಕಿವಿ ಕೆರೆದುಕೊಳ್ಳುತ್ತಿತ್ತು. ‘ಕಜ್ಜಿಯಿದು, ಮಕ್ಕಳಿಗೂ ಅಂಟೀತು, ದೂರ ಬಿಟ್ಟುಬನ್ನಿ’ ಎಂದರು ನೆರೆಯವರು. ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸಲು ಮನಸ್ಸು ಒಪ್ಪಲಿಲ್ಲ.

ಪಶುವೈದ್ಯರು ಕಜ್ಜಿಯ ಹುಳು, ಚಿಗಟ, ಆಹಾರದೋಷಗಳನ್ನು ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕಿದರು. ಉಳಿದುದು ಅಲರ್ಜಿ: ಧೂಳಿನ ನುಸಿ, ಬೂಷ್ಟು, ಪರಾಗಗಳಿಗೆ ದೇಹವು ತೋರುವ ಅತಿಯಾದ ಪ್ರತಿಕ್ರಿಯೆ. ಅದು ಯಾರಿಗೂ ಅಂಟದು. ಪೂರ್ಣ ಗುಣವಾಗುವುದು ಅಪರೂಪ, ಹತೋಟಿ ಸಾಧ್ಯ.

ಜಗಲಿಯ ತೇವದ ಗೋಣಿಚೀಲವನ್ನು ತೆಗೆದೆವು. ಹಾಸುಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇವೆ. ಹೊರಗಿನಿಂದ ಬಂದೊಡನೆ ಮಕ್ಕಳು ಅದರ ಪಾದಗಳನ್ನು ಒರೆಸುತ್ತಾರೆ. ವೈದ್ಯರು ಹೇಳದ ಮುಲಾಮು ಹಚ್ಚುವುದಿಲ್ಲ.

ಸಾಕಿದ ಪ್ರಾಣಿಯ ಯೋಗಕ್ಷೇಮವು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮಿನಂತೆ ಸಾಕಿದವರ ಕರ್ತವ್ಯ. ಮಕ್ಕಳು ಅದನ್ನು ಕಾಯ್ದೆ ಓದದೆಯೇ ಕಲಿತರು.